ನಾಳೆ ಅಕ್ಕನ ಗಡುವು

ಆ ಹೆಸರು ಇಟ್ಟವರು ಯಾರೋ, ಬೀದಿಗೆಲ್ಲ ಅವಳು ನಾಳೆ ಅಕ್ಕ. ಹೊಲಿಗೆ ಅಂಗಡಿಯ ಮುಂದೆ ಬಂದು ಯಾರು ಕೇಳಿದರೂ ಒಂದೇ ಉತ್ತರ: "ಆಗೋಯ್ತು ಕಣಮ್ಮ, ಗುಂಡಿ ಹಾಕೋದೊಂದು ಬಾಕಿ. ನಾಳೆ ಬಾ." ಗುಂಡಿಯ ಮಾತು ಹಾಗಿರಲಿ, ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರುತ್ತಿರಲಿಲ್ಲ. ಗಿರಾಕಿಗಳೇನು ಕಡಿಮೆಯೇ? ಭಾನುವಾರಕ್ಕೆ ಬೇಕಾದದ್ದನ್ನು ಗುರುವಾರವೇ ಬೇಕೆಂದು ಗಂಟುಬೀಳುತ್ತಿದ್ದರು. ಹೀಗೆ ಒಬ್ಬರ ಸುಳ್ಳನ್ನು ಇನ್ನೊಬ್ಬರು ಲೆಕ್ಕಕ್ಕೆ ಹಿಡಿದುಕೊಂಡು ಎರಡು ಕಡೆಯವರೂ ಸುಖವಾಗಿದ್ದರು.

ಬೈದುಕೊಂಡೇ ಎಲ್ಲರೂ ಅವಳ ಹತ್ತಿರವೇ ಬರುತ್ತಿದ್ದರು. ಮಕ್ಕಳ ಬಟ್ಟೆಯ ಒಳಮಡಿಕೆಯಲ್ಲಿ ಅವಳು ಧಾರಾಳವಾಗಿ ಬಟ್ಟೆ ಬಿಡುವಳು. ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಇಳಿಸಿಕೊಡುವಳು. ಮನೆಯಲ್ಲೂ ಒಂದು ಬೆಳೆಯುವ ಮಗುವಿತ್ತು. ಮಗಳು ಬಾಣಂತನದಲ್ಲೇ ತೀರಿಕೊಂಡಾಗ ಕೈಗೆ ಬಂದ ಕೂಸು ಅದು. ಮೆಷಿನ್ನಿನ ಸದ್ದಿಗೆ ನಿದ್ದೆಹೋಗಿ, ಸದ್ದು ನಿಂತರೆ ಎದ್ದು ಅಳುತ್ತಿತ್ತು.

ಅಳಿಯ ಕೆಟ್ಟವನೇನಲ್ಲ. ಇನ್ನೊಂದು ಮದುವೆಯಾದ, ಬೇರೆ ಊರಲ್ಲಿ ಮನೆ ಮಾಡಿದ. ಹುಡುಗಿ ಶಾಲೆಗೆ ಹೋಗುವಂತಾದ ಮೇಲೆ, ನನ್ನ ಮಗಳು ನನ್ನ ಹತ್ತಿರವೇ ಇರಲಿ ಎಂದು ಕೋರ್ಟಿಗೆ ಹೋದ. ಅವನ ಪರವಾಗಿ ಕರಿ ಕೋಟಿನ ವಕೀಲರು. ಇವಳ ಪರವಾಗಿ ಇವಳೇ.

ಕೋರ್ಟಿನ ದಿನ ಅಂಗಡಿ ಮುಚ್ಚಿ, ಇದ್ದುದರಲ್ಲೇ ಒಳ್ಳೆಯದನ್ನು ಉಟ್ಟು ಹೋಗುವಳು. ಒಮ್ಮೆ ಜಡ್ಜು ರಜೆ, ಇನ್ನೊಮ್ಮೆ ವಕೀಲರಿಗೆ ಬೇರೆ ಕೆಲಸ. ಮುಂದಿನ ತಾರೀಖು, ಅದರ ಮುಂದಿನ ತಾರೀಖು. "ಇಲ್ಲೂ ಗುಂಡಿ ಹಾಕೋದೊಂದು ಬಾಕಿಯಂತೆ ಪುಟ್ಟಿ" ಎಂದು ಮೊಮ್ಮಗಳನ್ನು ನಗಿಸುತ್ತ ಮನೆಗೆ ಬರುವಳು. ಇದೇ ನಗು ಮುಂದೆ ಅವಳ ಕೊರಳಿಗೆ ಉರುಳಾಯಿತು.

ಕೊನೆಗೊಂದು ದಿನ ತೀರ್ಪು ಬಂತು: ಮಗು ಅಪ್ಪನಿಗೆ. ಹುಡುಗಿ ಅಜ್ಜಿಯ ಸೆರಗು ಬಿಡಲೇ ಇಲ್ಲ. ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಅಜ್ಜಿ ಹೇಳಿದಳು: "ಮೇಲಿನ ಕೋರ್ಟು ಅಂತ ಇದೆಯಂತೆ. ಶಾಲೆ ಶುರುವಾಗೋ ಹೊತ್ತಿಗೆ ಬಂದು ಕರ್ಕೊಂಡು ಹೋಗ್ತೀನಿ. ನೀನು ಬ್ಯಾಗ್ ಕಟ್ಟಿಟ್ಕೊಂಡಿರು."

ಮೇಲ್ಮನವಿ ಯಾವ ತಾರೀಖಿನೊಳಗೆ ಹಾಕಬೇಕೆಂದು ಗುಮಾಸ್ತ ಹೇಳಿದ್ದ, ಅವಳು ತಲೆಯಾಡಿಸಿದ್ದಳು. ಆದರೆ ಅದು ಸಮವಸ್ತ್ರದ ಕಾಲ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬಟ್ಟೆ. ಸಮವಸ್ತ್ರವಿಲ್ಲದ ಮಕ್ಕಳನ್ನು ಮೊದಲ ದಿನವೇ ಗೇಟಿನಾಚೆ ನಿಲ್ಲಿಸುತ್ತಾರೆಂದು ತಾಯಂದಿರು ಗೋಗರೆದರು. ಮಗುವೊಂದು ಗೇಟು ಹಿಡಿದು ನಿಂತದ್ದು ಅವಳ ಕಣ್ಣಿಗೆ ಕಟ್ಟಿತು. ಜನ್ಮದಲ್ಲಿ ಮೊದಲ ಸಲ ಹೇಳಿದ ದಿನಕ್ಕೆ ಎಲ್ಲರ ಬಟ್ಟೆಯನ್ನೂ ಹೊಲಿದುಕೊಟ್ಟಳು, ಗುಂಡಿ ಸಮೇತ. ಕೋರ್ಟಿನ ತಾರೀಖು ತಾನೇ, ಅದು ಮುಂದಕ್ಕೆ ಹೋಗುವುದೇ ಎಂದುಕೊಂಡಿದ್ದಳು. ಕೋರ್ಟು ತನ್ನ ತಾರೀಖನ್ನು ಎಷ್ಟು ಬೇಕಾದರೂ ತಳ್ಳಬಹುದು, ನಿನ್ನದನ್ನು ನೀನು ತಳ್ಳುವಂತಿಲ್ಲ ಎಂದು ಅವಳಿಗೆ ಹೇಳುವವರು ಯಾರಿದ್ದರು?

"ಗಡುವು ಮುಗಿದುಹೋಯ್ತಲ್ಲಮ್ಮ" ಎಂದ ಗುಮಾಸ್ತ.

"ಮುಗಿಯೋದು ಅಂದ್ರೆ? ನಾಲ್ಕು ದಿನ ಹೆಚ್ಚುಕಮ್ಮಿ ತಾನೇ ಸ್ವಾಮಿ?"

ಅವನೂ ಮನುಷ್ಯನೇ. ತಡವಾದದ್ದಕ್ಕೆ ಕಾರಣ ಬರೆದು ಮನ್ನಿಸಿ ಎಂದು ಕೇಳಬಹುದು, ಕೊಡುವುದು ಬಿಡುವುದು ಜಡ್ಜಿಗೆ ಬಿಟ್ಟದ್ದು ಎಂದು ಬಿಡಿಸಿ ಹೇಳಿದ. ಹೊರಗೆ ಮರದಡಿ ಕುಳಿತ ಟೈಪಿಸ್ಟು, "ಜ್ವರ ಅಂತ ಹಾಕ್ತೀನಿ ಅಕ್ಕ, ಎಲ್ರೂ ಅದನ್ನೇ ಹಾಕ್ಸೋದು" ಎಂದ. ಬದುಕಿಡೀ ಗುಂಡಿಯ ಹೆಸರಲ್ಲಿ ಸುಳ್ಳು ಹೇಳಿದವಳಿಗೆ ಆ ಒಂದು ಸುಳ್ಳು ಗಂಟಲಲ್ಲಿ ಇಳಿಯಲಿಲ್ಲ. ಅದು ಮಗುವಿನ ತಲೆಗೆ ಸುತ್ತಿಕೊಂಡರೆ? "ಬೇಡಪ್ಪ, ಇದ್ದದ್ದು ಇದ್ದ ಹಾಗೇ ಬರಿ" ಎಂದಳು.

ತಡ ಯಾಕಾಯಿತು ಎನ್ನುವ ವಿಚಾರಣೆಯೇ ತಡವಾಯಿತು. ಮಗು ಹೊಸ ಮನೆಗೆ ಹೊಂದಿಕೊಳ್ಳುವ ತನಕ ಬರಬೇಡಿ ಎಂದು ಅಳಿಯ ಹೇಳಿಕಳಿಸಿದ್ದ. ಹೋಗುವ ದಿನ ಕರೆದುಕೊಂಡೇ ಬರುತ್ತೇನೆಂದು ಇವಳೂ ಹಲ್ಲುಕಚ್ಚಿ ಕಾದಳು. ಕೇಸು ಕೂಗಿಸಿದಾಗ ಶಾಲೆಯ ವರ್ಷವೇ ಮುಗಿಯುತ್ತ ಬಂದಿತ್ತು.

"ಯಾಕಮ್ಮ ತಡ ಮಾಡಿದ್ರಿ?" ಎಂದು ಕೇಳಿದರು ಮೇಲಿನ ಕೋರ್ಟಿನ ಜಡ್ಜಮ್ಮ.

"ನಿಮ್ಮ ಕೋರ್ಟೂ ನನ್ನ ಅಂಗಡಿ ಹಾಗೇ ಅಂದ್ಕೊಂಡಿದ್ದೆ ತಾಯಿ."

ವಕೀಲರೆಲ್ಲ ಗೊಳ್ಳೆಂದು ನಕ್ಕರು. ಜಡ್ಜಮ್ಮ ನಗಲಿಲ್ಲ. "ವಕೀಲರಿಲ್ಲದೆ ಬಂದವರಿಗೆ ಇದನ್ನೆಲ್ಲ ಯಾರು ಹೇಳ್ಕೊಡ್ತಾರೆ?" ಎಂದು ಎದುರು ಪಕ್ಷದ ವಕೀಲರನ್ನೇ ಕೇಳಿ, ತಡವನ್ನು ಮನ್ನಿಸಿ ಮೇಲ್ಮನವಿ ತೆಗೆದುಕೊಂಡರು. ಮುಂದಿನ ಸಲ ಮಗುವನ್ನು ಕರೆತರಲು ಹೇಳಿದರು. ನಾಳೆ ಅಕ್ಕ ಅಂದು ಬೀದಿಯಲ್ಲೇ ನಿಂತು ಅತ್ತಳು. ಗೆದ್ದೆ ಎಂದೇ ಅವಳ ಎಣಿಕೆ.

ಹುಡುಗಿ ಬಂದಳು. ಉದ್ದವಾಗಿದ್ದಳು, ಸಿದ್ಧ ಉಡುಪಿನ ಅಂಗಡಿಯಲ್ಲಿ ಕೊಂಡ ಫ್ರಾಕು ತೊಟ್ಟಿದ್ದಳು. ಜಡ್ಜಮ್ಮ ತಮ್ಮ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು, "ಅಜ್ಜಿ ಮನೆಗೆ ಹೋಗ್ತೀಯಾ ಮರಿ?" ಎಂದು ಮೆಲ್ಲಗೆ ಕೇಳಿದರು.

ಹುಡುಗಿ ಜಡ್ಜಮ್ಮನನ್ನು ನೋಡಲಿಲ್ಲ, ಅಜ್ಜಿಯನ್ನು ನೋಡಿದಳು.

"ಶಾಲೆ ಶುರುವಾಗೋ ಹೊತ್ತಿಗೆ ಬರ್ತೀನಿ ಅಂದಿದ್ದೆ. ನಾನು ಬ್ಯಾಗ್ ಕಟ್ಕೊಂಡು ದಿನಾ ಬಾಗಿಲಲ್ಲಿ ಕೂತ್ಕೋತಿದ್ದೆ ಅಜ್ಜಿ. ಆಮೇಲೆ ಬಿಚ್ಚಿಟ್ಟೆ."

ಅಷ್ಟು ಹೇಳಿ ಅಪ್ಪನ ಪಕ್ಕಕ್ಕೆ ಸರಿದಳು. ಅಪ್ಪನ ಜೊತೆ ಬಂದಿದ್ದ ಚಿಕ್ಕಮ್ಮ ಅವಳ ಕೂದಲು ಸರಿಮಾಡಿದಳು. ಹುಡುಗಿ ತಲೆ ಒಡ್ಡಿಕೊಂಡು ನಿಂತಳು. ನಾಳೆ ಅಕ್ಕ ಅದನ್ನು ನೋಡಿದಳು.

ಯೋಚಿಸಲು ಮಗುವಿಗೆ ಸ್ವಲ್ಪ ಸಮಯ ಕೊಡೋಣ, ಇನ್ನೊಂದು ತಾರೀಖು ಹಾಕೋಣ ಎಂದರು ಜಡ್ಜಮ್ಮ.

"ಬೇಡ ತಾಯಿ" ಎಂದಳು ನಾಳೆ ಅಕ್ಕ. "ನೀವು ನನ್ನ ತಡ ಮನ್ನಿಸಿದ್ರಿ, ನಿಮ್ಮ ಹೊಟ್ಟೆ ತಣ್ಣಗಿರಲಿ. ಇನ್ನೊಂದ್ಸಲ ಅವಳ ಕೈಲಿ ಆ ಬ್ಯಾಗ್ ಕಟ್ಟಿಸೋದು ಬೇಡ."

ಅಂಗಡಿ ಈಗಲೂ ಇದೆ. ಹೆಸರೂ ಅದೇ. ಆದರೆ ಬಟ್ಟೆ ಯಾವತ್ತು ಕೊಡುತ್ತೀ ಎಂದು ಕೇಳಿದರೆ ರಾಶಿಬಿದ್ದ ಬಟ್ಟೆಯನ್ನು ಎಣಿಸಿ ನೋಡಿ ಒಂದು ದಿನ ಹೇಳುತ್ತಾಳೆ. ಆ ದಿನ ನೀವು ಮರೆತರೂ ಬಟ್ಟೆ ಹಿಡಿದು ಅವಳೇ ನಿಮ್ಮ ಬಾಗಿಲಿಗೆ ಬರುತ್ತಾಳೆ.