ಹಗ್ಗ ಹಿಡಿದು ಹೊರಟ ಭದ್ರಮ್ಮ

ಯಸಳೂರಿನಲ್ಲಿ ರವಿಕೆ ಹೊಲಿಯುವ ಭದ್ರಮ್ಮ ಮಿಷನ್ ಮುಂದೆ ಕೂತರೆ ಏಳುವವರಲ್ಲ. ಮಂಡಿ ನೋವು ಎನ್ನುತ್ತಿದ್ದರು. ಅರ್ಧ ನೋವು, ಅರ್ಧ ಸೋಮಾರಿತನ. ಪಕ್ಕದ ಮನೆಯವಳಾದ ನಾನು ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಗಂಡ ತೀರಿಕೊಂಡ ಮೇಲೆ ಅವರ ಜೊತೆಗಿದ್ದದ್ದು ಕೆಂಚ ಎಂಬ ನಾಯಿಯೊಂದೇ. ಹಗಲೆಲ್ಲ ಸರಪಳಿ, ರಾತ್ರಿ ಚಿರತೆಯ ಭಯಕ್ಕೆ ಮನೆಯೊಳಗೆ. ಹೀಗೆ ಕಟ್ಟಿ ಕಟ್ಟಿ ಅದರ ತಲೆ ಕೆಟ್ಟಿತ್ತು. ೨೦೦೦ದ ಮಳೆಗಾಲ ಮುಗಿಯುವ ಹೊತ್ತಿಗೆ, ರವಿಕೆ ಒಯ್ಯಲು ಬಂದ ಹುಡುಗಿಯೊಬ್ಬಳ ಲಂಗ ಹಿಡಿದು ಹರಿದುಹಾಕಿತು.

ಸುದ್ದಿ ಕೇಳಿ ಭದ್ರಮ್ಮನ ತಮ್ಮ ಶಾಂತಮಲ್ಲಪ್ಪ ಓಡಿ ಬಂದ. ಅವನು ಎಸ್ಟೇಟ್ ಜೀಪಿನ ಡ್ರೈವರ್.

“ಇವತ್ತು ಬಟ್ಟೆ, ನಾಳೆ ಕಾಲು. ಇನ್ನೊಂದ್ಸಲ ಹಿಂಗಾದ್ರೆ ಬಿಸ್ಲೆ ಕಾಡಲ್ಲಿ ಬಿಟ್ಬುಟ್ಟು ಬತ್ತೀನಿ ಕಣಕ್ಕ!”

ಕಾಡಿನಲ್ಲಿ ಬಿಟ್ಟ ನಾಯಿ ಚಿರತೆಯ ಪಾಲು. ಭದ್ರಮ್ಮ ಹೆದರಿ ದನದ ಆಸ್ಪತ್ರೆಯ ಕಂಪೌಂಡರನ್ನು ಕೇಳಿದರು.

“ಅದುಕ್ಕೆ ಸಿಟ್ಟಲ್ಲ ಕಣಮ್ಮ, ಬೇಜಾರು. ದಿನಾ ಸಂಜೆ ಹಗ್ಗ ಹಿಡ್ಕಂಡು ಓಡಾಡ್ಸಿ” ಎಂದರು ಅವರು.

ಹೇಳಿದಷ್ಟು ಸುಲಭವೇ? ನಮ್ಮ ಕಡೆ ನಾಯಿಗೆ ಹಗ್ಗ ಹಾಕಿ ರಸ್ತೆಯಲ್ಲಿ ನಡೆಸಿಕೊಂಡು ಹೋಗುವುದು ಒಂದೇ ಕೆಲಸಕ್ಕೆ, ಬೇಡವಾದ ನಾಯಿಯನ್ನು ದೂರ ಬಿಟ್ಟು ಬರಲು. ಹೊಂಗಡಹಳ್ಳದ ರಸ್ತೆಯಲ್ಲಿ ಎದುರಾದವರೆಲ್ಲ ನಿಂತು, “ಅಯ್ಯೋ ಪಾಪ, ಬಿಟ್ಬರಕ್ಕಾ?” ಎಂದು ಕೇಳುವವರೇ. “ಅಲ್ಲ ಕಣ್ರೀ, ಸುಮ್ನೆ” ಎಂದರೆ ಯಾರೂ ನಂಬಲಿಲ್ಲ. ಕೆಲಸವಿಲ್ಲದೆ ನಾಯಿಯ ಜೊತೆ ಯಾರಾದರೂ ನಡೆಯುತ್ತಾರೆಯೇ? ಭದ್ರಮ್ಮನಿಗೆ ನಾಚಿಕೆಯಾಯಿತು. ಒಂದು ಸಂಜೆ ಹೋದರೆ ಎರಡು ಸಂಜೆ ಮಂಡಿ ನೋವು. ದೀಪಾವಳಿಯ ಹೊಲಿಗೆ ರಾಶಿ ಬಿದ್ದ ಮೇಲಂತೂ ನಡಿಗೆ ನಿಂತೇಹೋಯಿತು.

ಆ ವಾರವೇ ಕೆಂಚ ಹಾಲಿನವನ ಹಿಮ್ಮಡಿಗೆ ಬಾಯಿ ಹಾಕಿತು.

“ನಾಳೆ ಜೀಪ್ ತತ್ತೀನಿ” ಎಂದ ಶಾಂತಮಲ್ಲಪ್ಪ.

“ಬ್ಯಾಡ. ಸಾಕಿದ್ದು ನಾನು, ನಾನೇ ಬಿಟ್ಬತ್ತೀನಿ” ಎಂದರು ಭದ್ರಮ್ಮ.

ಮನಸ್ಸು ತಡೆಯದೆ ನಾನೂ ಜೊತೆಗೆ ಹೋದೆ. ಹಗ್ಗ ಕಂಡದ್ದೇ ಕೆಂಚ ಕುಣಿದಾಡಿತು. ಅದಕ್ಕೇನು ಗೊತ್ತು? ದಾರಿಯಲ್ಲಿ ಸೌದೆ ಹೊತ್ತು ಬರುತ್ತಿದ್ದ ಚಿನ್ನಮ್ಮ, “ಏನ್ ಭದ್ರಕ್ಕ, ಇವತ್ತೂ ಸುಮ್ನೆ ಹೊರಟ್ರಾ?” ಎಂದು ನಕ್ಕಳು. ಭದ್ರಮ್ಮ ತಲೆ ತಗ್ಗಿಸಿ “ಹೂಂ” ಎಂದರು.

ಕಾಡು ಶುರುವಾಗುವಲ್ಲಿ ಹಗ್ಗ ಬಿಚ್ಚಿದರು. ಕೆಂಚ ಮೈ ಕೊಡವಿತು. ಕಾಡಿನ ಕಡೆ ಕಣ್ಣೆತ್ತಿಯೂ ನೋಡದೆ, ಬಂದ ದಾರಿಯಲ್ಲೇ ನಾಲ್ಕು ಮಾರು ಓಡಿ, ನಿಂತು ಹಿಂತಿರುಗಿ ನೋಡಿತು. ಭದ್ರಮ್ಮ ಮಂಡಿ ಹಿಡಿದುಕೊಂಡು ಹತ್ತಿರ ಬರುವವರೆಗೆ ಕಾಯಿತು. ಮತ್ತೆ ಓಡಿತು, ಮತ್ತೆ ಕಾಯಿತು. ದಾರಿಯಲ್ಲಿ ಸಿಕ್ಕ ಯಾರಿಗೂ ಹಲ್ಲು ತೋರಿಸಲಿಲ್ಲ. ತನ್ನನ್ನು ಬಿಡಲು ಬಂದವರನ್ನೇ ಜೋಪಾನವಾಗಿ ಮನೆಗೆ ಕರೆತರುತ್ತಿತ್ತು.

ಶಾಂತಮಲ್ಲಪ್ಪ ಜಗಲಿಯಲ್ಲೇ ಕೂತಿದ್ದ. “ಬಿಡ್ಲಿಲ್ವೇನಕ್ಕ?”

“ಬಿಡಕ್ಕೇ ಹೋಗಿದ್ದೆ ಕಣೋ. ಅವ್ನು ನನ್ನ ಬಿಡ್ಲಿಲ್ಲ” ಎನ್ನುತ್ತ ಭದ್ರಮ್ಮ ಅತ್ತುಬಿಟ್ಟರು.

ಮಾರನೆಯ ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಹೊಲಿಗೆ ಅರ್ಧಕ್ಕೇ ಬಿಟ್ಟು, ಹಗ್ಗ ಹಿಡಿದು ಎದ್ದರು. ಅದರ ಮಾರನೆಯ ಸಂಜೆಯೂ ಅಷ್ಟೇ. ಅರ್ಧಕ್ಕೆ ನಿಂತದ್ದು ನನ್ನ ಹಬ್ಬದ ರವಿಕೆ. ಹಳೆಯದನ್ನೇ ತೊಟ್ಟು ಹಬ್ಬ ಮಾಡಿದೆ.