ಪ್ರಶ್ನೆಗಳೆಲ್ಲ ಬಾಯಿಪಾಠವಿದ್ದ ಚಾಚಿ

ಎಂಎಸ್‌ಡಬ್ಲ್ಯೂ ಓದುವಾಗ ವಾರಕ್ಕೆರಡು ದಿನ ನನ್ನನ್ನು ವಡಾಲದಲ್ಲಿ ಒಂದೊಂದೇ ಕೋಣೆಯ ಮನೆಗಳಿದ್ದ ಒಂದು ಚಾಳ್‌ಗೆ ಫೀಲ್ಡ್‌ವರ್ಕ್‌ಗೆ ಹಾಕಿದ್ದರು. ಅಲ್ಲಿ ಬಾಗಿಲಲ್ಲೇ ಕೂತು ಸೀರೆಗೆ ಫಾಲ್ ಹಚ್ಚುವ, ವಿಜಯಪುರ ಕಡೆಯ ಒಬ್ಬ ಚಾಚಿ ಇದ್ದರು. ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಅದೇ ಪ್ರಶ್ನೆಗಳ ಹಾಳೆ ಹಿಡಿದು ಬರುತ್ತಿದ್ದುದರಿಂದ ಅವರಿಗದು ಬಾಯಿಪಾಠ. ನಾನು ಪೆನ್ನಿನ ಮುಚ್ಚಳ ತೆಗೆಯುವುದರೊಳಗೆ, ಸೂಜಿಯಿಂದ ಕಣ್ಣೆತ್ತದೆ ಶುರು ಮಾಡುತ್ತಿದ್ದರು: "ಬರ್ಕೊ ಬೇಟಾ. ಮನ್ಯಾಗ ಐದು ಮಂದಿ. ಖೋಲಿ ಒಂದ. ದೊಡ್ಡ ಸಮಸ್ಯಾ, ನೀರು." ನಾನು ತಡವರಿಸಿದರೆ ನೆನಪಿಸುತ್ತಿದ್ದರು: "ಸಂಡಾಸಿಂದು ಕೇಳೂದು ಬಿಟ್ಟಿ ನೋಡು."

ಉತ್ಸಾಹ ತಡೆಯದೆ ಒಂದು ದಿನ ನೀರಿನ ಸಮಸ್ಯೆ ಕುರಿತು ಸಂಜೆ ಐದಕ್ಕೆ ಸಭೆ ಕರೆದೆ. ಬಣ್ಣದ ಪೋಸ್ಟರ್ ಬೇರೆ ಅಂಟಿಸಿದ್ದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಚಾಚಿಯ ಹೊಸ್ತಿಲಲ್ಲಿ ಕೂತು ಅಳುತ್ತಿದ್ದಾಗ ಅವರು ತುಂಬಿದ ಕೊಡ ಹೊತ್ತು ಬಂದರು.

"ಐದಕ್ಕ ನೀರು ಬಿಡ್ತಾರ, ಅರ್ಧಾ ತಾಸು ಅಷ್ಟ. ಎಲ್ಲಾರೂ ನಳದ ಕಡೆ ಅದಾರ," ಎಂದು ನಕ್ಕು, ಪಕ್ಕದಲ್ಲಿ ಕೂತು, ಥೇಟ್ ನನ್ನ ಧಾಟಿಯಲ್ಲೇ ಕೇಳಿದರು: "ಮನ್ಯಾಗ ಎಷ್ಟು ಮಂದಿ? ದೊಡ್ಡ ಸಮಸ್ಯಾ ಏನು?"

ಮುಲುಂಡ್‌ನ ನಮ್ಮ ಮನೆಯಿಂದ ಹಿಡಿದು ಮಾರ್ಕ್ಸ್ ಕೊಡದ ಮೇಡಂವರೆಗೆ ಎಲ್ಲ ಹೇಳಿಕೊಂಡೆ. ಕಿವಿಗೊಟ್ಟು ಕೇಳುವುದು ಹೇಗೆಂದು ನಮಗೆ ಇಡೀ ಒಂದು ಪೇಪರ್ ಇತ್ತು. ಚಾಚಿ ಅದನ್ನು ಓದಿರಲಿಲ್ಲ. ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.

"ಹಗುರ ಆತಿಲ್ಲ ಈಗ?"

"ಹೂಂ ಚಾಚಿ, ತುಂಬ."

"ನಮಗೂ ವರ್ಷಾ ವರ್ಷಾ ಹೇಳಿ ಹೇಳಿ ಹಗುರ ಆಗೇದ. ನೀರು ಮಾತ್ರ ಅದೇ ಅರ್ಧಾ ತಾಸು. ಬರ್ಕೊ ಬೇಟಾ."