ಬಾವಿಗೆ ಬೀಳದ ಹುಡುಗಿ

೧೯೬೪ರಲ್ಲಿ ಕೊಂಬೈ ಊರಿನ ನಮ್ಮ ಗದ್ದೆಯಲ್ಲಿ ನಾಟಿಯ ಹಾಡು ಹೇಳುತ್ತಿದ್ದ ಅತ್ತೆ, ಪ್ರಿಯಕರ ಸತ್ತ ಸುದ್ದಿ ಕೇಳಿದ ಹಾಡಿನ ಹುಡುಗಿಯನ್ನು ಬಾವಿಕಟ್ಟೆ ಹತ್ತಿಸಿ ಹಾಡು ನಿಲ್ಲಿಸಿದರು. ಪಕ್ಕದಲ್ಲಿ ಪೈರು ನೆಡುತ್ತಿದ್ದ ಪೊನ್ನಿ ಅಳುತ್ತಿದ್ದಳು. ಅವಳು ಮೆಚ್ಚಿದವನನ್ನು ಬಿಡಿಸಿ ಅಪ್ಪ ಬೇರೆ ಕಡೆ ಮದುವೆ ಗೊತ್ತುಮಾಡಿದ್ದರು.

ಬಾವಿಯಲ್ಲಿ ನೀರಿಲ್ಲವೆಂದು ಹಾಡಿ, ಹಾರಿ ಸತ್ತು ದೇವರಾಗಬೇಕಿದ್ದ ಹುಡುಗಿಯನ್ನು ಅತ್ತೆ ಮನೆಗೆ ಕಳಿಸಿದರು.

ಬದುವಿನ ಮೇಲಿದ್ದ ಪೊನ್ನಿಯ ಅಪ್ಪ ಕೇಳಿದರು: "ಸಾಯ್ದೆ ಇದ್ರೆ ಅವ್ಳು ಸಾಮಿ ಹೆಂಗಾಯ್ತಾಳಕ್ಕಾ? ಪೂಜೆ ಯಾರಿಗ್ ಮಾಡಾದು?"

"ಸಾಮಿ ಬೇಕಾದಷ್ಟು ಅವ್ರೆ, ತಂಬೀ. ನಮ್ಗೆ ಪಿಳ್ಳೆ ಬೇಕು, ಬದ್ಕಿರೋ ಮಗು."

ಪೊನ್ನಿಯ ಅಪ್ಪ ಮಡೆಯ ತೂಬಿನಲ್ಲಿ ನೀರು ತಿರುಗಿಸಲು ಹೋದರು.

ಹಾಡಿನ ಹುಡುಗಿಯರು ಹೇಗೆ ಸತ್ತರೆಂದು ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ: ಬಾವಿ, ಬೆಂಕಿ, ಮತ್ತೆ ಬಾವಿ. ಅಂದು 'ಮನೆಗೆ ಹೋದಳು' ಎಂದು ಬರೆದೆ. ಅಪ್ಪನೇ ಆ ಸಂಬಂಧ ಬಿಟ್ಟದ್ದರಿಂದ, ಪೊನ್ನಿಯ ಮದುವೆಗೆಂದು ಗುರುತು ಹಾಕಿದ್ದ ತಾರೀಖನ್ನು ಮರುವಾರ ಹೊಡೆದುಹಾಕಬೇಕಾಯಿತು.